ಚಾರ್ಟ್ ಪೇಪರಿನ ಸಿಕ್ಕಿಂ

ಮೇ ತಿಂಗಳಲ್ಲಿ ದೆಹಲಿಯ ಶಾಲೆಗಳಿಗೆ ಬೇಸಿಗೆ ರಜೆ ಬಿಟ್ಟರೆ ಜನಕಪುರಿಯ ಸ್ಟೇಷನರಿ ಅಂಗಡಿಗಳಿಗೆ ಸುಗ್ಗಿ. ಹಾಲಿಡೇ ಹೋಂವರ್ಕಿನ ಪಟ್ಟಿ ಹಿಡಿದು ಬರುವ ಅಪ್ಪ–ಅಮ್ಮಂದಿರಿಗೆ ಚಾರ್ಟ್ ಪೇಪರು, ಫೆವಿಕಾಲು, ಗ್ಲಿಟರ್ ಪೆನ್ನುಗಳ ಜೊತೆಗೆ ಬೇಕಾದ ಇನ್ನೊಂದು ಸರಕು ಸಿಕ್ಕಿಂ. ಕಾಂಚನಜುಂಗಾ ಶಿಖರ, ರುಮ್ಟೆಕ್ ಮಠ, ರಾಜ್ಯಪ್ರಾಣಿ ಕೆಂಪು ಪಾಂಡಾ, ಮುಖವಾಡ ತೊಟ್ಟ ಲಾಮಾಗಳ ಕುಣಿತ, ಒಂದು ತಟ್ಟೆ ಮೋಮೊ. ಇಷ್ಟನ್ನು ಬಣ್ಣದಲ್ಲಿ ಪ್ರಿಂಟ್ ತೆಗೆಸಿ, ಕತ್ತರಿಸಿ, ಅಂಟಿಸಿದರೆ ಪ್ರಾಜೆಕ್ಟ್ ಮುಗಿಯಿತು. ಅಂಟಿಸುವವರು ಬಹುತೇಕ ತಾಯಂದಿರೇ ಎಂಬುದು ಶಿಕ್ಷಕರಿಗೂ ಗೊತ್ತು, ತಾಯಂದಿರಿಗೂ ಗೊತ್ತು.

ಸಿಕ್ಕಿಂ ಏಕೆಂದರೆ, ‘ಏಕ್ ಭಾರತ್ ಶ್ರೇಷ್ಠ ಭಾರತ್’ ಯೋಜನೆಯಲ್ಲಿ ದೆಹಲಿಗೆ ಜೋಡಿಯಾಗಿ ಬಂದ ರಾಜ್ಯ ಅದು. 2015ರ ಅಕ್ಟೋಬರ್ 31ರಂದು, ಸರ್ದಾರ್ ಪಟೇಲರ ಜನ್ಮದಿನಕ್ಕೆ ಘೋಷಣೆಯಾದ ಯೋಜನೆ. ಕರ್ನಾಟಕಕ್ಕೆ ಸಿಕ್ಕ ಜೋಡಿ ಉತ್ತರಾಖಂಡ. 2020ರಲ್ಲಿ ಸಿಬಿಎಸ್‌ಇ ಕಲೆಯನ್ನು ಪಾಠದ ಜೊತೆ ಬೆಸೆಯುವ ಪ್ರಾಜೆಕ್ಟುಗಳನ್ನು ಕಡ್ಡಾಯ ಮಾಡಿ, ಅದರಲ್ಲಿ ಜೋಡಿ ರಾಜ್ಯದ ಕಲೆಯನ್ನು ಬಳಸಲು ಹೇಳಿತು. ಉದ್ದೇಶದಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ಆದರೆ ಸಿಕ್ಕಿಮಿನ ಚಾರ್ಟಿಗೆ ‘ವೆರಿ ಗುಡ್’ ಪಡೆದ ಹುಡುಗ ಅದೇ ಸಂಜೆ ಮೋಮೊ ಗಾಡಿಯ ಮುಂದೆ ನಿಂತು, ಆವಿ ಏಳುವ ಅಲ್ಯೂಮಿನಿಯಂ ಪಾತ್ರೆಯ ಮುಚ್ಚಳ ತೆಗೆಯುತ್ತಿರುವ ಯುವಕ ಡಾರ್ಜಿಲಿಂಗಿನವನೋ ನೇಪಾಳದವನೋ ಎಂದು ಕೇಳುವುದಿಲ್ಲ. ಜೊತೆಗೆ ನಿಂತ ಅಪ್ಪನೂ ಕೇಳುವುದಿಲ್ಲ. ಖಾರದ ಚಟ್ನಿ ಜಾಸ್ತಿ ಹಾಕು ಎನ್ನುವಲ್ಲಿಗೆ ಮಾತು ಮುಗಿಯುತ್ತದೆ.

ಮಕ್ಕಳಿಗೆ ಜಗತ್ತಿನ ಸಂಸ್ಕೃತಿಗಳನ್ನು ಪರಿಚಯಿಸಬೇಕು ಎಂದು ಶಿಕ್ಷಣ ನೀತಿಗಳೆಲ್ಲ ಹೇಳುತ್ತವೆ. ಆ ಪರಿಚಯ ಶುರುವಾಗಬೇಕಾದದ್ದು ದೂರದ ನಕಾಶೆಯಿಂದಲ್ಲ, ಅದೇ ಬೀದಿಯಲ್ಲಿ ಬಾಡಿಗೆಗಿರುವವರಿಂದ. ಜನಕಪುರಿಯಂಥ ಕಡೆ ಇದು ಆದರ್ಶದ ಮಾತೂ ಅಲ್ಲ. ಇಲ್ಲಿ ಜಗತ್ತು ನಡಿಗೆಯ ದೂರದಲ್ಲಿದೆ.

ಸೀತೆಯ ತಂದೆಯ ಹೆಸರಿನ ಈ ಬಡಾವಣೆಯನ್ನು ದೆಹಲಿ ಅಭಿವೃದ್ಧಿ ಪ್ರಾಧಿಕಾರ (ಡಿಡಿಎ) 1970ರ ದಶಕದಲ್ಲಿ ಬೆಳೆಸಿತು. ದೇಶ ವಿಭಜನೆಯಲ್ಲಿ ಪಶ್ಚಿಮ ಪಂಜಾಬಿನಿಂದ ಬಂದವರ ಮಕ್ಕಳು ಮೊಮ್ಮಕ್ಕಳು ಇಲ್ಲಿ ಮನೆ ಮಾಡಿದರು. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ದುಡಿಯುತ್ತಿದ್ದ ದಕ್ಷಿಣದವರು ಡಿಡಿಎ ಫ್ಲ್ಯಾಟುಗಳನ್ನು ಹಿಡಿದರು. ದೆಹಲಿ ತಮಿಳು ಶಿಕ್ಷಣ ಸಂಘದ ಏಳು ಶಾಲೆಗಳಲ್ಲಿ ಒಂದು ಜನಕಪುರಿಯಲ್ಲಿದೆ. 1923ರಲ್ಲಿ ಹುಟ್ಟಿದಾಗ ಆ ಸಂಘದ ಹೆಸರು ‘ಮದ್ರಾಸಿ ಎಜುಕೇಶನ್ ಅಸೋಸಿಯೇಶನ್’ ಎಂದಿತ್ತು. ದುರ್ಗಾಬಾಯಿ ದೇಶಮುಖ್ 1948ರಲ್ಲಿ ಕಟ್ಟಿದ ಆಂಧ್ರ ಶಿಕ್ಷಣ ಸಂಸ್ಥೆಯ ಶಾಲೆಯೂ ಇಲ್ಲಿದೆ. ಪಕ್ಕದ ವಿಕಾಸಪುರಿಯಲ್ಲಿ ಕೇರಳ ಶಾಲೆ. ಜನಕಪುರಿಯ ಇನ್‌ಸ್ಟಿಟ್ಯೂಷನಲ್ ಏರಿಯಾದಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ. ಕನ್ನಡ ಶಾಲೆ ಮಾತ್ರ ಊರಿನ ಇನ್ನೊಂದು ಮಗ್ಗುಲಲ್ಲಿ, ಲೋದಿ ಎಸ್ಟೇಟಿನಲ್ಲಿದೆ. ದೆಹಲಿ ಕರ್ನಾಟಕ ಸಂಘ ಆರ್.ಕೆ. ಪುರಂನಲ್ಲಿದೆ. ಹಾಗಾಗಿ ಜನಕಪುರಿಯ ಕನ್ನಡದ ಕೂಸು ಹತ್ತಿರದ ಯಾವುದೋ ಸಿಬಿಎಸ್‌ಇ ಶಾಲೆಗೆ ಸೇರಿ, ಮನೆಯೊಳಗೆ ಕನ್ನಡ, ಬೀದಿಯಲ್ಲಿ ಹಿಂದಿ, ತರಗತಿಯಲ್ಲಿ ಇಂಗ್ಲಿಷ್ ಎಂದು ಬೆಳೆಯುತ್ತದೆ.

ಇಷ್ಟು ಹಳೆಯ ಜನಕಪುರಿ. ಹೊಸದು ಬೇರೆಯೇ ಇದೆ. 1988ರ ನಂತರ ಮ್ಯಾನ್ಮಾರಿನ ಸೇನಾಡಳಿತಕ್ಕೆ ಹೆದರಿ ಗಡಿ ದಾಟಿದ ಚಿನ್ ಜನರಲ್ಲಿ ಸಾವಿರಾರು ಮಂದಿ ಮಿಜೋರಾಂ ಹಾದು ದೆಹಲಿಗೆ ಬಂದು ಜನಕಪುರಿ, ವಿಕಾಸಪುರಿ, ಉತ್ತಮ್ ನಗರಗಳ ಒಂದು ಕೋಣೆಯ ಮನೆಗಳಲ್ಲಿ ನೆಲೆ ನಿಂತರು. 2021ರ ಫೆಬ್ರುವರಿಯ ಸೇನಾ ಕ್ಷಿಪ್ರಕ್ರಾಂತಿಯ ಬಳಿಕ ಮತ್ತಷ್ಟು ಜನ ಬಂದರು. ತಿಲಕ್ ನಗರದ ಗುರುದ್ವಾರಗಳಲ್ಲಿ ಕಾಬೂಲು, ಜಲಾಲಾಬಾದುಗಳಿಂದ ಬಂದ ಸಿಖ್ಖರು ಕಾಣುತ್ತಾರೆ. ಪಗಡಿ ನೋಡಿ ಪಂಜಾಬಿನವರೆಂದುಕೊಂಡರೆ, ಮನೆಯ ಅಜ್ಜಿ ಮೊಮ್ಮಗನನ್ನು ಗದರುವುದು ಪಶ್ತೋದಲ್ಲಿ. ಉತ್ತಮ್ ನಗರದ ಕಡೆ ಆಫ್ರಿಕಾದ ಹಲವು ದೇಶಗಳವರಿದ್ದಾರೆ. ತಿಲಕ್ ವಿಹಾರದಲ್ಲಿ, 1984ರ ನವೆಂಬರಿನ ಸಿಖ್ ವಿರೋಧಿ ಹಿಂಸೆಯಲ್ಲಿ ಗಂಡಂದಿರನ್ನು ಕಳೆದುಕೊಂಡ ಸಿಖ್ ಹೆಂಗಸರಿಗೆ ಸರ್ಕಾರ ಕೊಟ್ಟ ಮನೆಗಳ ಸಾಲಿದೆ. ‘ವಿಡೋ ಕಾಲೊನಿ’ ಎಂದೇ ಕರೆಯುತ್ತಾರೆ. ಸಾಂಸ್ಕೃತಿಕ ವೈವಿಧ್ಯ ಎಂದರೆ ಭಾಂಗ್ರಾ, ಬಿಹು, ಡೊಳ್ಳು ಕುಣಿತ ಎಂದಷ್ಟೇ ಕಲಿತ ಮಗುವಿಗೆ ಆ ಮನೆಗಳ ಸಾಲು ಅರ್ಥವಾಗುವುದಿಲ್ಲ. ಅದನ್ನು ಅರ್ಥ ಮಾಡಿಸುವ ಪಾಠಕ್ಕೆ ಗ್ಲಿಟರ್ ಪೆನ್ನು ಬೇಕಿಲ್ಲ, ಸ್ವಲ್ಪ ಧೈರ್ಯ ಬೇಕು.

ದೆಹಲಿಗೆ ಬಂದ ಕನ್ನಡಿಗರ ಹಳೆಯ ಅಳಲೊಂದಿದೆ. ವಿಂಧ್ಯದಿಂದ ಕೆಳಗಿನವರೆಲ್ಲ ಇಲ್ಲಿ ‘ಮದ್ರಾಸಿ’ಗಳು. ಮೈಸೂರಿನವರೆಂದರೂ ಮದ್ರಾಸಿ, ಬೀದರಿನವರೆಂದರೂ ಮದ್ರಾಸಿ. ಮನೆಯಲ್ಲಿ ದಿನವೂ ಜೋಳದ ರೊಟ್ಟಿ ತಟ್ಟುವವರನ್ನೂ ನೆರೆಯವರು ಇಡ್ಲಿ ಕೇಳುತ್ತಾರೆ. ಇದಕ್ಕೆ ಸಿಟ್ಟು ಬರುವುದು ನ್ಯಾಯವೇ. ಆದರೆ ಹೀಗೆ ಸಿಟ್ಟಾಗುವ ಮನೆಗಳಲ್ಲೇ ಮಿಜೋ ಹುಡುಗಿ ‘ನೇಪಾಳಿ’ಯಾಗುತ್ತಾಳೆ, ಕಾಂಗೋದವನು ‘ನೈಜೀರಿಯನ್’ ಆಗುತ್ತಾನೆ, ಚಿನ್ ಕುಟುಂಬ ‘ಚೀನಾದವರು’ ಆಗುತ್ತದೆ. ಮಕ್ಕಳು ಇದನ್ನು ಪಾಠಪುಸ್ತಕದಿಂದ ಕಲಿಯುವುದಿಲ್ಲ. ಊಟದ ಹೊತ್ತಿಗೆ ದೊಡ್ಡವರು ಆಡುವ ಮಾತಿನಿಂದ ಕಲಿಯುತ್ತವೆ.

ಆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ದೆಹಲಿ ನೋಡಿದೆ. 2014ರ ಜನವರಿಯಲ್ಲಿ ಅರುಣಾಚಲ ಪ್ರದೇಶದ ವಿದ್ಯಾರ್ಥಿ ನೀಡೊ ತಾನಿಯಾ ಲಾಜಪತ್ ನಗರದಲ್ಲಿ ವಿಳಾಸ ಕೇಳಲು ನಿಂತಿದ್ದ. ಅಂಗಡಿಯವರು ಅವನ ಕೂದಲನ್ನೂ ರೂಪವನ್ನೂ ಆಡಿಕೊಂಡರು. ಜಗಳವಾಯಿತು, ಹೊಡೆದರು, ಮರುದಿನ ಅವನು ಸತ್ತ. ಆಮೇಲೆ ಕೇಂದ್ರ ಸರ್ಕಾರ ನೇಮಿಸಿದ ಎಂ.ಪಿ. ಬೆಜಬರುವಾ ಸಮಿತಿ, ಈಶಾನ್ಯದ ಚರಿತ್ರೆ ಮತ್ತು ಬದುಕು ದೇಶದ ಶಾಲೆಗಳ ಪಾಠದಲ್ಲಿ ಬರಬೇಕೆಂದು ಶಿಫಾರಸು ಮಾಡಿತು. 2017ರಲ್ಲಿ ಎನ್‌ಸಿಇಆರ್‌ಟಿ ಈಶಾನ್ಯದ ಜನ, ಇತಿಹಾಸ, ಸಂಸ್ಕೃತಿ ಕುರಿತ ಪುಸ್ತಕವೊಂದನ್ನು ಹೊರತಂದಿತು. ಅದು ಪೂರಕ ಓದಿನ ಪುಸ್ತಕ. ಪರೀಕ್ಷೆಗಿಲ್ಲದ ಪೂರಕ ಪುಸ್ತಕಕ್ಕೆ ನಮ್ಮ ಶಾಲೆಗಳಲ್ಲಿ ಎಷ್ಟು ಬೆಲೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರೂ ಬೆನ್ನು ತಟ್ಟಿಕೊಳ್ಳುವಂತಿಲ್ಲ. 2012ರ ಆಗಸ್ಟಿನಲ್ಲಿ ದಾಳಿಯ ವದಂತಿಗಳಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದ್ದು ಬೆಂಗಳೂರಿನ ನಿಲ್ದಾಣದಿಂದಲೇ. 2016ರ ಜನವರಿ ಕೊನೆಗೆ ಸೋಲದೇವನಹಳ್ಳಿಯ ಬಳಿ ಸುಡಾನಿನ ವಿದ್ಯಾರ್ಥಿಯ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ಕೆರಳಿದ ಗುಂಪು ಸ್ವಲ್ಪ ಹೊತ್ತಿನ ಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಎಳೆದು ಹೊಡೆಯಿತು. ಸುಡಾನಿಗೂ ತಾಂಜಾನಿಯಾಕ್ಕೂ ನಡುವೆ ದೇಶಗಳೇ ಇವೆ. ಆ ಗುಂಪಿಗೆ ಕಂಡದ್ದು ಚರ್ಮದ ಬಣ್ಣ ಮಾತ್ರ. ಅದರಲ್ಲಿದ್ದವರೂ ಶಾಲೆಗೆ ಹೋಗಿದ್ದವರೇ ಇರಬೇಕು, ಆಫ್ರಿಕಾ ಖಂಡದ ನಕಾಶೆಗೆ ಬಣ್ಣ ತುಂಬಿದವರೇ ಇರಬೇಕು.

ಹಾಗೆ ನೋಡಿದರೆ ಆಫ್ರಿಕಾವನ್ನು ಕನ್ನಡದ ಮಕ್ಕಳಿಗೆ ಪರಿಚಯಿಸಲು ಹಡಗು ಹತ್ತಬೇಕಿಲ್ಲ. ಯಲ್ಲಾಪುರ, ಹಳಿಯಾಳಗಳ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನ ಶತಮಾನಗಳಿಂದ ಇದ್ದಾರೆ. ಪೋರ್ಚುಗೀಸರ ಗೋವಾದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟ ಸೇರಿದವರ ಸಂತತಿಯೂ ಅವರಲ್ಲಿದೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. 1980ರ ದಶಕದಲ್ಲಿ ಮಂಚಿಕೇರಿಯಲ್ಲಿ ಇದೇ ಸಿದ್ದಿಗಳು ನೈಜೀರಿಯಾದ ಚಿನುವಾ ಅಚಿಬೆಯ ಕಾದಂಬರಿಯನ್ನು ‘ಕಪ್ಪು ಜನ ಕೆಂಪು ನೆರಳು’ ಎಂಬ ಹೆಸರಿನಲ್ಲಿ ಕನ್ನಡ ನಾಟಕವಾಗಿ ಆಡಿದರು. ಆಫ್ರಿಕಾದ ಕತೆ, ಆಫ್ರಿಕಾ ಮೂಲದ ನಟರು, ಉತ್ತರ ಕನ್ನಡದ ರಂಗಭೂಮಿ. ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ಪಠ್ಯಕ್ರಮ ಸಮಿತಿಯೂ ಹೊಸೆದಿಲ್ಲ. ಆದರೂ ಇದು ಪಠ್ಯಪುಸ್ತಕ ಬರೆಯುವವರ ಕಣ್ಣಿಗೆ ಬಿದ್ದಂತಿಲ್ಲ.

ಪುಸ್ತಕಗಳೂ ಇದ್ದವು. ಶಿವರಾಮ ಕಾರಂತರು 1930ರ ದಶಕದಲ್ಲೇ ಮೂರು ಸಂಪುಟಗಳ ‘ಬಾಲಪ್ರಪಂಚ’ ಬರೆದರು. ನಿರಂಜನರು ಕಿರಿಯರಿಗಾಗಿ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಸಂಪಾದಿಸಿದರು. ಆಮೇಲೆ ನವಕರ್ನಾಟಕದ ಮೂಲಕ ಇಪ್ಪತ್ತೈದು ಸಂಪುಟಗಳ ‘ವಿಶ್ವಕಥಾಕೋಶ’ ತಂದು ಖಂಡಖಂಡಗಳ ಸಣ್ಣಕತೆಗಳನ್ನು ಕನ್ನಡಕ್ಕೆ ಇಳಿಸಿದರು. ಹಳ್ಳಿಯ ಗ್ರಂಥಾಲಯದಲ್ಲಿ ಕೂತ ಹುಡುಗನಿಗೂ ಹೊರನಾಡಿನ ಮನೆಯೊಂದರ ಜಗಳ, ಬಡತನ, ನಗು ಸಿಗುತ್ತಿದ್ದ ಕಾಲ ಅದು. ಕತೆಯಲ್ಲಿ ಬರುವ ವಿದೇಶಿ ಮನುಷ್ಯ ವೇಷ ಹಾಕಿಕೊಂಡು ನಿಂತಿರುವುದಿಲ್ಲ. ಸಾಲ ಮಾಡಿರುತ್ತಾನೆ, ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಾನೆ. ಶಾಲೆಯ ಫ್ಯಾನ್ಸಿ ಡ್ರೆಸ್ಸಿನಲ್ಲಿ ಬರುವವನು ಹಾಗಲ್ಲ. ಹುಲ್ಲಿನ ಲಂಗ ಸುತ್ತಿಕೊಂಡು ಮುಖಕ್ಕೆ ಮಸಿ ಬಳಿದುಕೊಂಡ ಮಗುವನ್ನು ‘ಆಫ್ರಿಕನ್’ ಎಂದು ವೇದಿಕೆಗೆ ಕರೆಯುವ ಶಾಲೆಗಳು ಇವತ್ತಿಗೂ ಇವೆ. ಚಪ್ಪಾಳೆಯೂ ಬೀಳುತ್ತದೆ.

ಸರ್ಕಾರಕ್ಕೂ ಇಂಥ ಚಪ್ಪಾಳೆ ಇಷ್ಟ. 2018ರಲ್ಲಿ ‘ಭಾಷಾ ಸಂಗಮ’ ಎಂಬ ಹೆಸರಿನಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳ ತಲಾ ಐದು ವಾಕ್ಯಗಳನ್ನು ಶಾಲೆಯ ಬೆಳಗಿನ ಪ್ರಾರ್ಥನೆಯಲ್ಲಿ ಮಕ್ಕಳಿಂದ ಹೇಳಿಸಲಾಯಿತು. ದಿನಕ್ಕೊಂದು ಭಾಷೆ. ನಿಮ್ಮ ಹೆಸರೇನು, ನನ್ನ ಹೆಸರು ಇಂಥದು ಎಂಬಂಥ ವಾಕ್ಯಗಳು. ಬೇರೆ ಭಾಷೆಯ ದನಿಯಾದರೂ ಕಿವಿಗೆ ಬೀಳಲಿ ಎಂಬುದು ಒಳ್ಳೆಯ ಯೋಚನೆಯೇ. ಆದರೆ ಕನ್ನಡದ ದಿನ ಬಂದಾಗ ತರಗತಿಯಲ್ಲಿರುವ ಕನ್ನಡದ ಹುಡುಗಿಯನ್ನು ಮುಂದೆ ಕರೆದು ಹೇಳಿಸಿದ ಶಾಲೆಗೂ, ಹಿಂದಿ ಲಿಪಿಯಲ್ಲಿ ಬರೆದಿಟ್ಟುಕೊಂಡು ಒದರಿಸಿದ ಶಾಲೆಗೂ ಅಜಗಜಾಂತರ. ಮೊದಲನೆಯದರಲ್ಲಿ ಆ ಹುಡುಗಿಗೆ ವರ್ಷಪೂರ್ತಿ ಸಾಕಾಗುವಷ್ಟು ಮರ್ಯಾದೆ ಸಿಕ್ಕಿರುತ್ತದೆ.

ವಿದೇಶಿ ಭಾಷೆಗಳ ಕತೆ ಇನ್ನೂ ವಿಚಿತ್ರ. 2011ರಿಂದ ಕೇಂದ್ರೀಯ ವಿದ್ಯಾಲಯಗಳಲ್ಲಿ ಮೂರನೇ ಭಾಷೆಯಾಗಿದ್ದ ಜರ್ಮನ್ನನ್ನು 2014ರ ನವೆಂಬರಿನಲ್ಲಿ, ಶಾಲಾ ವರ್ಷದ ನಡುವೆಯೇ, ತೆಗೆದು ಸಂಸ್ಕೃತ ತರಲಾಯಿತು. ಸುಮಾರು 70 ಸಾವಿರ ಮಕ್ಕಳು ಅರ್ಧ ದಾರಿಯಲ್ಲಿ ಭಾಷೆ ಬದಲಿಸಿದರು. ಜರ್ಮನ್ ಬೇಕೋ ಸಂಸ್ಕೃತ ಬೇಕೋ ಎಂದು ಟಿ.ವಿ.ಗಳಲ್ಲಿ ವಾರಗಟ್ಟಲೆ ಕೂಗಾಡಿದರು. ಆ ಮಕ್ಕಳಿಗೆ ಪಕ್ಕದ ಬೆಂಚಿನವನ ತಮಿಳೋ ತೆಲುಗೋ ಮಣಿಪುರಿಯೋ ಮೂರನೇ ಭಾಷೆಯಾಗಬಹುದಿತ್ತಲ್ಲ ಎಂಬ ಪ್ರಶ್ನೆ ಮಾತ್ರ ಆ ಗದ್ದಲದಲ್ಲಿ ಮೇಲೇಳಲೇ ಇಲ್ಲ. ಜನಕಪುರಿಯ ತಮಿಳು, ಆಂಧ್ರ ಶಾಲೆಗಳಲ್ಲಿ ತಮಿಳು–ತೆಲುಗು ಮನೆಮಾತಲ್ಲದ ಮಕ್ಕಳೂ ಓದುತ್ತಾರೆ. ಪಂಜಾಬಿ ಮನೆಯ ಹುಡುಗನ ಬಾಯಲ್ಲಿ ತಮಿಳು ಪದ್ಯ ಕೇಳುವುದು ಅಲ್ಲಿ ಪವಾಡವೇನಲ್ಲ.

ಮಕ್ಕಳನ್ನು ಕರೆದುಕೊಂಡು ಹೋಗಬೇಕಾದ ಜಾಗ ಕೇಳಿದರೆ, ಹತ್ತಿರವೇ 2014ರಲ್ಲಿ ತೆರೆದ ಜನಕಪುರಿಯ ದಿಲ್ಲಿ ಹಾಟ್ ಇದೆ. ಸಂಗೀತವನ್ನೇ ಮುಖ್ಯ ಮಾಡಿಕೊಂಡು ಕಟ್ಟಿದ್ದು. ಒಳ್ಳೆಯದೇ, ಆದರೆ ಅಲ್ಲಿಗೆ ಹೋದವರ ಕಾಲು ತಿಂಡಿ ಮಳಿಗೆಗಳ ಕಡೆಗೇ ಎಳೆಯುತ್ತದೆ. ಅದಕ್ಕಿಂತ ಬಹದ್ದೂರ್ ಷಾ ಜಫರ್ ಮಾರ್ಗದ ಶಂಕರರ ಅಂತರರಾಷ್ಟ್ರೀಯ ಗೊಂಬೆ ಸಂಗ್ರಹಾಲಯ ವಾಸಿ. ಜನಕಪುರಿಯಿಂದ ನೀಲಿ ಮೆಟ್ರೊ ಹಿಡಿದು ಮಂಡಿ ಹೌಸಿನಲ್ಲಿ ಬದಲಿಸಿದರೆ ಮುಂದಿನ ನಿಲ್ದಾಣವೇ ಐಟಿಒ. ವ್ಯಂಗ್ಯಚಿತ್ರಕಾರ ಶಂಕರ್ ಮಕ್ಕಳ ಸ್ಪರ್ಧೆಗಳನ್ನು ನಡೆಸುತ್ತಿದ್ದಾಗ ಹಂಗೆರಿಯ ರಾಯಭಾರಿ ಬಹುಮಾನಕ್ಕೆಂದು ಒಂದು ಗೊಂಬೆ ಕೊಟ್ಟರಂತೆ. ಅಲ್ಲಿಂದ ಶಂಕರರಿಗೆ ಗೊಂಬೆಯ ಹುಚ್ಚು ಹಿಡಿಯಿತು. 1965ರಲ್ಲಿ ಸಂಗ್ರಹಾಲಯ ತೆರೆಯಿತು. ಇಂದು ಸುಮಾರು 85 ದೇಶಗಳ ಆರು ಸಾವಿರಕ್ಕೂ ಹೆಚ್ಚು ಗೊಂಬೆಗಳು ಗಾಜಿನ ಹಿಂದೆ ನಿಂತಿವೆ.

ಗಾಜಿನ ಹಿಂದಿನ ಗೊಂಬೆಯೂ ಚಾರ್ಟಿನ ಚಿತ್ರದಷ್ಟೇ ಮೂಕ ಎಂದು ವಾದಿಸಬಹುದು. ಮೈಸೂರು ಕಡೆಯ ಮಕ್ಕಳ ವಿಷಯದಲ್ಲಿ ಮಾತ್ರ ಹಾಗಲ್ಲ. ನವರಾತ್ರಿಗೆ ಮನೆಯಲ್ಲಿ ಗೊಂಬೆ ಕೂರಿಸುವುದನ್ನು ನೋಡಿದ ಹುಡುಗಿಗೆ ಜಪಾನಿನ ಹಿನಾ ಗೊಂಬೆಗಳ ಬಗ್ಗೆ ಹೇಳಿ ನೋಡಬೇಕು. ಮಾರ್ಚ್ 3ರ ಹೆಣ್ಣುಮಕ್ಕಳ ಹಬ್ಬಕ್ಕೆ ಅಲ್ಲಿಯೂ ಮೆಟ್ಟಿಲು ಕಟ್ಟುತ್ತಾರೆ. ಕೆಂಪು ಬಟ್ಟೆ ಹಾಸುತ್ತಾರೆ. ಮೆಟ್ಟಿಲುಗಳ ಲೆಕ್ಕ ಅಲ್ಲಿಯೂ ಸಾಮಾನ್ಯವಾಗಿ ಬೆಸ. ಮೇಲಿನ ಮೆಟ್ಟಿಲಲ್ಲಿ ನಮ್ಮ ಪಟ್ಟದ ಗೊಂಬೆಗಳ ಹಾಗೆಯೇ ರಾಜ, ರಾಣಿ. ಕೆಳಗೆ ಮೂವರು ಊಳಿಗದ ಹೆಂಗಸರು, ಅದರ ಕೆಳಗೆ ಐವರು ವಾದ್ಯದವರು. ಹೆಣ್ಣುಮಗುವಿನ ಮೊದಲ ಹಬ್ಬಕ್ಕೆ ತವರಿನ ಅಜ್ಜ–ಅಜ್ಜಿ ಗೊಂಬೆ ಕೊಡಿಸುವ ರೂಢಿಯೂ ಉಂಟು. ಮದುವೆಯಾದ ಮಗಳಿಗೆ ತಾಯಿ ಪಟ್ಟದ ಗೊಂಬೆ ಕೊಟ್ಟು ಕಳಿಸುವ ಮನೆಗೆ ಇದನ್ನು ಬಿಡಿಸಿ ಹೇಳಬೇಕಾಗುವುದಿಲ್ಲ.

ಹೋಲಿಕೆ ಮುಗಿದ ಮೇಲೆ ವ್ಯತ್ಯಾಸ ಶುರುವಾಗಬೇಕು, ರುಚಿ ಇರುವುದು ಅಲ್ಲೇ. ನಮ್ಮಲ್ಲಿ ವಿಜಯದಶಮಿಯ ರಾತ್ರಿ ಒಂದು ಗೊಂಬೆಯನ್ನು ಮಲಗಿಸಿ, ಮರುದಿನ ಸಾವಕಾಶವಾಗಿ ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗಿಡುತ್ತಾರೆ. ಜಪಾನಿನಲ್ಲಿ ಹಬ್ಬ ಮುಗಿದೊಡನೆ ಅವಸರವಾಗಿ ಎತ್ತಿಡಬೇಕು. ತಡ ಮಾಡಿದರೆ ಮಗಳ ಮದುವೆ ತಡವಾಗುತ್ತದೆಂಬ ನಂಬಿಕೆ. ನಮ್ಮ ಮೆಟ್ಟಿಲ ಮೇಲೆ ದಶಾವತಾರದ ಪಕ್ಕ ಕ್ರಿಕೆಟ್ ತಂಡ, ಶೆಟ್ಟರ ಅಂಗಡಿ, ಪ್ಲಾಸ್ಟಿಕ್ ಹುಲಿ ಎಲ್ಲಕ್ಕೂ ಜಾಗವುಂಟು. ಅಲ್ಲಿ ಯಾವ ಗೊಂಬೆ ಎಲ್ಲಿ ಕೂರಬೇಕೆಂಬುದು ನಿಗದಿ. ಯಾಕೆ ಹೀಗೆ ಎಂದು ಮಗು ಕೇಳಿದರೆ ಉತ್ತರ ಹುಡುಕಲು ಅಪ್ಪ–ಅಮ್ಮ ಒದ್ದಾಡುತ್ತಾರೆ. ಒದ್ದಾಡಲಿ. ಜಪಾನಿನ ಬಗ್ಗೆ ಕೇಳಿದ ಮಗು ಮರುಗಳಿಗೆಯಲ್ಲಿ ನಮ್ಮದೇ ಗೊಂಬೆ ಯಾಕೆ ಮಲಗಬೇಕು ಎಂದೂ ಕೇಳುತ್ತದೆ.

ಇಷ್ಟೆಲ್ಲ ಚೆಂದವಾಗಿ ಹೋಗುವ ಪಾಠ ಅಡುಗೆಮನೆಯ ಬಾಗಿಲಲ್ಲಿ ಮುಗ್ಗರಿಸುತ್ತದೆ. 2007ರಲ್ಲಿ ದೆಹಲಿ ಪೊಲೀಸರು ಈಶಾನ್ಯದ ವಿದ್ಯಾರ್ಥಿಗಳಿಗೆಂದು ಕಿರುಪುಸ್ತಿಕೆಯೊಂದನ್ನು ಹಂಚಿದ್ದರು. ಬಿದಿರು ಕಳಲೆ, ಅಖುನಿ ಮುಂತಾದ ವಾಸನೆಯ ಅಡುಗೆಗಳನ್ನು ನೆರೆಯವರಿಗೆ ತೊಂದರೆಯಾಗದಂತೆ ಮಾಡಿಕೊಳ್ಳಿ ಎಂಬ ಬುದ್ಧಿಮಾತು ಅದರಲ್ಲಿತ್ತು. ಅಖುನಿ ಎಂದರೆ ನಾಗಾಲ್ಯಾಂಡಿನಲ್ಲಿ ಹುಳಿ ಬರಿಸಿದ ಸೋಯಾ ಅವರೆ. ಈ ವಾಸನೆಯ ತಕರಾರನ್ನೇ ಎಳೆಯಾಗಿಟ್ಟುಕೊಂಡು ನಿಕೋಲಸ್ ಖರ್ಕೊಂಗೋರ್ 2019ರಲ್ಲಿ ‘ಅಖುನಿ’ (Axone) ಎಂಬ ಸಿನಿಮಾ ಮಾಡಿದರು. ದೆಹಲಿಯ ಬಾಡಿಗೆ ಮನೆಯಲ್ಲಿ ಗೆಳತಿಯ ಮದುವೆಗೆ ಒಂದು ಅಡುಗೆ ಮಾಡಲು ಜಾಗ ಹುಡುಕಿ ಅಲೆಯುವ ಹುಡುಗ–ಹುಡುಗಿಯರ ಕತೆ.

ಪೊಲೀಸರ ಪಟ್ಟಿಯಲ್ಲಿದ್ದ ಕಳಲೆಯನ್ನು ಕನ್ನಡಿಗರು ಬೇರೆಯವರ ಅಡುಗೆ ಎನ್ನುವಂತಿಲ್ಲ. ಮಳೆಗಾಲದಲ್ಲಿ ಮಲೆನಾಡು, ಕೊಡಗು, ಕರಾವಳಿಯ ಮನೆಗಳಲ್ಲಿ ಎಳೆ ಬಿದಿರನ್ನು ಹೆಚ್ಚಿ, ನೀರು ಬದಲಿಸುತ್ತ ಎರಡು–ಮೂರು ದಿನ ನೆನೆಹಾಕಿ, ಕಹಿ ಬಿಡಿಸಿ ಪಲ್ಯ, ಸಾರು, ಉಪ್ಪಿನಕಾಯಿ ಮಾಡುತ್ತಾರೆ. ನೆನೆಹಾಕಿದ ಪಾತ್ರೆಯ ಮುಚ್ಚಳ ತೆಗೆದಾಗ ಬರುವ ವಾಸನೆ ಗೊತ್ತಿರುವ ತೀರ್ಥಹಳ್ಳಿಯ ಅಜ್ಜಿಗೂ ಐಜ್ವಾಲಿನ ಅಜ್ಜಿಗೂ ಮಾತಾಡಲು ಸಾಕಷ್ಟು ವಿಷಯವುಂಟು, ನಡುವೆ ಭಾಷೆಯೊಂದಿದ್ದರೆ. ಆ ಭಾಷೆ ಜನಕಪುರಿಯಲ್ಲಿ ಒಡೆದ ಹಿಂದಿಯ ರೂಪದಲ್ಲಿ ಎರಡೂ ಕಡೆಯ ಮಕ್ಕಳ ಬಳಿ ಇದೆ. ಒಣಮೀನು ಹುರಿಯುವಾಗ ಕಿಟಕಿ ಮುಚ್ಚುವ ಮಂಗಳೂರು ಕಡೆಯವರಿಗೂ, ಟಿಫಿನ್ ಡಬ್ಬಿಯಲ್ಲಿ ಮೊಟ್ಟೆ ತರಬೇಡಿ ಎಂದು ಶಾಲೆಯಿಂದ ಚೀಟಿ ಬಂದ ಮನೆಯವರಿಗೂ ಈ ಸಂಕಟ ಹೊಸದಲ್ಲ.

ಸಸ್ಯಾಹಾರಿ ಮನೆಯವರು ಮಾಂಸ ತಿನ್ನಬೇಕೆಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಪಕ್ಕದವನ ಡಬ್ಬಿ ತೆರೆದಾಗ ಮೂಗು ಮುಚ್ಚಿಕೊಳ್ಳದೆ ಕೂರುವುದನ್ನು ಐದನೇ ತರಗತಿಯ ಮಗುವಿಗೆ ಹೇಳಿಕೊಡಬಹುದು. ನೀತಿಪಾಠದ ಪೀರಿಯಡ್ಡಿನಲ್ಲಿ ಹೇಳಿದ ಯಾವ ಮಾತಿಗಿಂತಲೂ ಅದು ಹೆಚ್ಚು ಕಾಲ ಉಳಿಯುತ್ತದೆ. ಕಷ್ಟವೇನೆಂದರೆ, ಅದನ್ನು ಹೇಳಿಕೊಡಬೇಕಾದ ಶಿಕ್ಷಕರೂ, ‘ಶಾಕಾಹಾರಿಗಳಿಗೆ ಮಾತ್ರ’ ಎಂದು ಬಾಡಿಗೆ ಬೋರ್ಡು ಹಾಕುವ ಮಾಲೀಕರೂ ಒಂದೇ ಬೀದಿಯವರು.

ಶಾಲೆಗಳು ಬದಲಾಗಲಿ ಎಂದು ಕಾಯುವ ಬದಲು ದೆಹಲಿಯ ಕನ್ನಡ ಸಂಘಟನೆಗಳೇ ಒಂದು ಹೆಜ್ಜೆ ಇಡಬಹುದು. ನವೆಂಬರ್ ಬಂತೆಂದರೆ ರಾಜ್ಯೋತ್ಸವ. ನಾಡಗೀತೆ, ಕೋಲಾಟ, ಹಾಸ್ಯ, ಬಿಸಿಬೇಳೆ ಬಾತು. ಮಕ್ಕಳು ಪ್ರತಿವರ್ಷ ತಮಗೆ ಗೊತ್ತಿರುವುದನ್ನೇ ತಮ್ಮವರ ಮುಂದೆ ತೋರಿಸಿ ಇಳಿಯುತ್ತಾರೆ. ನೋಡುವವರಲ್ಲಿ ಕನ್ನಡ ಬಾರದವರು ಬೆರಳೆಣಿಕೆ. ಚಿನ್ ಸಮುದಾಯಕ್ಕೂ ಹೀಗೊಂದು ದಿನವಿದೆ. 1948ರ ಫೆಬ್ರುವರಿ 20ರಂದು ಫಲಮ್ ಊರಿನಲ್ಲಿ ಸೇರಿದ ಚಿನ್ ಜನ, ವಂಶಪಾರಂಪರ್ಯದ ಮುಖಂಡರ ಆಳ್ವಿಕೆ ಬಿಟ್ಟು ಪ್ರಜಾಪ್ರಭುತ್ವ ಬೇಕೆಂದು ತೀರ್ಮಾನಿಸಿದ ನೆನಪಿಗೆ ಆ ದಿನವನ್ನು ರಾಷ್ಟ್ರೀಯ ದಿನವಾಗಿ ಆಚರಿಸುತ್ತಾರೆ. ಅಂದು ಬಿದಿರ ಗಳಗಳ ನಡುವೆ ಹೆಜ್ಜೆ ಹಾಕುವ ಕುಣಿತವಿರುತ್ತದೆ. ನಮ್ಮ ಕೋಲಾಟದ ಮಕ್ಕಳಿಗೆ ಆ ಲೆಕ್ಕ ಹಿಡಿಯಲು ಒಂದು ಮಧ್ಯಾಹ್ನ ಸಾಕು. ರಾಜ್ಯೋತ್ಸವದ ಮೂರು ಗಂಟೆಯಲ್ಲಿ ಅರ್ಧ ಗಂಟೆ ಚಿನ್ ಸಮುದಾಯಕ್ಕೆ ಕೊಟ್ಟು, ಫೆಬ್ರುವರಿಯಲ್ಲಿ ಅವರ ಹಬ್ಬಕ್ಕೆ ಇಪ್ಪತ್ತು ಮಕ್ಕಳನ್ನು ಕರೆದೊಯ್ಯುವುದಕ್ಕೆ ಸಚಿವಾಲಯದ ಸುತ್ತೋಲೆ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಶಾಮಿಯಾನ, ಮೈಕು, ಕುರ್ಚಿಗಳನ್ನು ಹೇಗಿದ್ದರೂ ಇಡೀ ದಿನಕ್ಕೇ ಬಾಡಿಗೆಗೆ ತಂದಿರುತ್ತಾರೆ.